ಮೊದ್ಲು ಸೌದೆ, ಆಮೇಲೆ ವೈಫೈ
ಬೆಂಗಳೂರು ಬಿಟ್ಟು ತೀರ್ಥಹಳ್ಳಿ ಕಡೆ ಮನೆ ಮಾಡೋರು ಮೊದ್ಲು ಕೇಳೋದೇ ನೆಟ್‌ವರ್ಕ್ ಬರುತ್ತಾ ಅಂತ, ನಾನೂ ಅದನ್ನೇ ಕೇಳಿದ್ದೆ, ಸೌದೆ ಬಗ್ಗೆ ಕೇಳ್ಲೇ ಇಲ್ಲ. ಮೇ ಮುಗಿಯೋದ್ರೊಳಗೆ ಬಚ್ಚಲ ಒಲೆಗೆ ನಾಲ್ಕು ತಿಂಗಳಿಗಾಗೋಷ್ಟು ಸೌದೆ, ಅಡಿಕೆ ಸಿಪ್ಪೆ ಕೊಟ್ಟಿಗೆ ಒಳಗೆ ಒಟ್ಟಿಬಿಡಿ. ಆಗುಂಬೆ ಸುತ್ತ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಸುರಿಯುತ್ತೆ ಮಾರಾಯ್ರೆ, ಜುಲೈಲಿ ಜೀನ್ಸ್ ಒಗೆದ್ರೆ ವಾರ ಆದ್ರೂ ಒಣಗಲ್ಲ, ನಾನಂತೂ ಹಂಡೆ ಒಲೆ ಮೇಲೆ ತಂತಿ ಕಟ್ಟಿ ಹಾಕ್ತೀನಿ, ಬಟ್ಟೆಯೆಲ್ಲ ಹೊಗೆ ವಾಸ್ನೆ, ಅದು ಬಿಡಿ ಅಭ್ಯಾಸ ಆಗುತ್ತೆ. ತೋಟದಲ್ಲಿ ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಹತ್ತಿದ್ರೆ ಗಾಬರಿಯಲ್ಲಿ ಕಿತ್ತು ಎಳೀಬೇಡಿ, ಪಕ್ಕದ್ಮನೆ ಅಮ್ಮ ನಂಗೆ ಸುಣ್ಣ-ಹೊಗೆಸೊಪ್ಪಿನ ಗಂಟು ಒಂದು ಕೋಲಿಗೆ ಕಟ್ಟಿ ಕೊಟ್ಟಿದಾರೆ, ಮುಟ್ಟಿಸಿದ್ರೆ ತಾನೇ ಉದುರುತ್ತೆ. ಕರೆಂಟ್ ಹೋದ್ರೆ ಲೈನ್‌ಮ್ಯಾನ್‌ಗೆ ಹತ್ತು ಸಲ ಫೋನ್ ಮಾಡ್ಬೇಡಿ, ಎಲ್ಲೋ ಮರ ಬಿದ್ದಿರುತ್ತೆ.