ಮನೆಯ ಕಾರ್ಯಾಗಾರದಲ್ಲಿ ಪೆಡಲ್ ಸ್ಟೀಲ್ ಗಿಟಾರ್ ಕಟ್ಟುವ ಬಗೆ

ಪೆಡಲ್ ಸ್ಟೀಲ್ ಗಿಟಾರ್ ಕಟ್ಟಲು ಹೊರಡುವವರು ಸಾಮಾನ್ಯವಾಗಿ ಮೊದಲು ಒಳ್ಳೆಯ ಮರಕ್ಕಾಗಿ ಹುಡುಕಾಡುತ್ತಾರೆ. ಆದರೆ ನಾಲ್ಕು ಕಾಲುಗಳ ಮೇಲೆ ಮೇಜಿನಂತೆ ನಿಲ್ಲುವ, ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸಿ ನುಡಿಸುವ ಈ ವಾದ್ಯದ ಯೋಗ್ಯತೆಯನ್ನು ತೀರ್ಮಾನಿಸುವುದು ಅದರ ಬಲತುದಿಯಲ್ಲಿ ತಂತಿಗಳನ್ನು ಹಿಡಿದಿರುವ ಚೇಂಜರ್ ಎಂಬ ಲೋಹದ ಭಾಗ. ಪೆಡಲ್ ತುಳಿದಾಗ ತಂತಿ ಗೊತ್ತಾದ ಸ್ವರಕ್ಕೆ ಏರಬೇಕು; ಕಾಲು ತೆಗೆದಾಗ ಮೊದಲಿದ್ದ ಸ್ವರಕ್ಕೇ ಬಂದು ನಿಲ್ಲಬೇಕು. ಈ ಒಂದು ಗುಣವಿಲ್ಲದ ವಾದ್ಯ ಎಷ್ಟೇ ಚೆಂದವಾಗಿದ್ದರೂ ನುಡಿಸಲು ಬರುವುದಿಲ್ಲ. ಆದ್ದರಿಂದ ಕೆಲಸವನ್ನು ಚೇಂಜರಿನಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೂ ಮೊದಲು ಯಾವ ಪೆಡಲ್ ಯಾವ ತಂತಿಯನ್ನು ಎಷ್ಟು ಬದಲಿಸಬೇಕೆಂಬ ಕೋಷ್ಟಕವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಹತ್ತು ತಂತಿಗಳ ಇ9 ಶ್ರುತಿಯಲ್ಲಿ, ನುಡಿಸುವವರಿಂದ ದೂರದ ಒಂದನೆಯ ತಂತಿಯಿಂದ ಮೊದಲಾಗಿ, ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ, ಬಿ ಎಂಬ ಸ್ವರಗಳಿರುತ್ತವೆ. ಸ್ವರಗಳಂತೆ ಪೆಡಲ್‌ಗಳಿಗೂ ಎ, ಬಿ, ಸಿ ಎಂದೇ ಹೆಸರು. ಎ ಪೆಡಲ್ 5 ಮತ್ತು 10ನೆಯ ತಂತಿಗಳನ್ನು ಬಿಯಿಂದ ಸಿ ಶಾರ್ಪ್‌ಗೆ ಏರಿಸುತ್ತದೆ. ಬಿ ಪೆಡಲ್ 3 ಮತ್ತು 6ನೆಯ ತಂತಿಗಳನ್ನು ಜಿ ಶಾರ್ಪ್‌ನಿಂದ ಎಗೆ ಏರಿಸುತ್ತದೆ. ಸಿ ಪೆಡಲ್ 4ನೆಯದನ್ನು ಎಫ್ ಶಾರ್ಪ್‌ಗೂ 5ನೆಯದನ್ನು ಸಿ ಶಾರ್ಪ್‌ಗೂ ಒಯ್ಯುತ್ತದೆ. ಇವುಗಳ ಜೊತೆಗೆ 4 ಮತ್ತು 8ನೆಯ ತಂತಿಗಳನ್ನು ಒಂದು ಲಿವರ್ ಇಯಿಂದ ಎಫ್‌ಗೆ ಏರಿಸುವಂತೆ, ಇನ್ನೊಂದು ಡಿ ಶಾರ್ಪ್‌ಗೆ ಇಳಿಸುವಂತೆ, ಮೊಣಕಾಲಿನಿಂದ ತಳ್ಳುವ ಎರಡು ಲಿವರ್‌ಗಳಿದ್ದರೆ ಮೊದಲ ವಾದ್ಯಕ್ಕೆ ಸಾಕು. ಇಷ್ಟಕ್ಕೆ ಪೆಡಲ್ ಅಥವಾ ಲಿವರ್ ಒತ್ತಿದಾಗ ತಿರುಗುವ ಐದು ಅಡ್ಡ ಶಾಫ್ಟ್‌ಗಳೂ, ಅವುಗಳಿಂದ ಚೇಂಜರಿಗೆ ಹೋಗುವ ಹತ್ತು ಎಳೆಸರಳುಗಳೂ ಬೇಕಾಗುತ್ತವೆ.

ತಂತಿಯ ಮಿಡಿಯುವ ಉದ್ದವನ್ನು 24 ಅಂಗುಲ, ಅಂದರೆ ಸುಮಾರು 610 ಮಿಲಿಮೀಟರ್, ಇಟ್ಟುಕೊಳ್ಳುವುದು ಕ್ಷೇಮ. ಇದಕ್ಕೆ ಕಾರಣ ಮೂರನೆಯ ತಂತಿ. 0.011 ಅಂಗುಲ ದಪ್ಪದ ಆ ಉಕ್ಕಿನ ತಂತಿ 415 ಹರ್ಟ್ಸ್‌ನ ಜಿ ಶಾರ್ಪ್‌ನಲ್ಲಿ ಸುಮಾರು 12.6 ಕಿಲೋಗ್ರಾಂ ಬಿಗಿತವನ್ನು ಹೊರುತ್ತದೆ. ಪೆಡಲ್ ತುಳಿದು ಎಗೆ ಏರಿಸಿದಾಗ ಅದು 14 ಕಿಲೋಗ್ರಾಂ ದಾಟಿ, ತಂತಿ ತನ್ನ ತಾಳಿಕೆಯ ಅಂಚಿಗೆ ಹತ್ತಿರವಾಗುತ್ತದೆ. ಉದ್ದವನ್ನು ಹೆಚ್ಚಿಸಿದರೆ ಬಿಗಿತವೂ ಹೆಚ್ಚಿ, ಈ ತಂತಿ ಪದೇ ಪದೇ ಕಡಿದುಹೋಗುತ್ತದೆ. ಶ್ರುತಿ ಮಾಡುವಾಗಲೆಲ್ಲ ಕಣ್ಣಿಗೆ ರಕ್ಷಣಾ ಕನ್ನಡಕವಿರಲಿ.

ಈಗ ಚೇಂಜರ್. ಪ್ರತಿ ತಂತಿಗೂ ಒಂದೊಂದು ಅಲ್ಯೂಮಿನಿಯಂ ಬೆರಳಿದ್ದು, ಹತ್ತೂ ಬೆರಳುಗಳು ಒಂದೇ ಉಕ್ಕಿನ ಶಾಫ್ಟಿನ ಮೇಲೆ ತಿರುಗುತ್ತವೆ. ಬೆರಳಿನ ಮೇಲ್ತುದಿ ದುಂಡಗಿದ್ದು ತಂತಿ ಅದರ ಮೇಲಿಂದ ಹಾದು ಹಿಂಬದಿಯ ಗೂಟಕ್ಕೆ ಸಿಕ್ಕಿಕೊಂಡಿರುತ್ತದೆ. ಬೆರಳಿನ ಕೆಳತುದಿಯನ್ನು ಸರಳು ಎಡಕ್ಕೆ ಎಳೆದಾಗ ಮೇಲ್ತುದಿ ಬಲಕ್ಕೆ ತಿರುಗಿ ತಂತಿಯನ್ನು ಬಿಗಿಗೊಳಿಸುತ್ತದೆ. ಮೇಲಿನ ದುಂಡಿನ ಕೇಂದ್ರವೂ ಶಾಫ್ಟಿನ ಕೇಂದ್ರವೂ ಒಂದೇ ಆಗಿರಬೇಕು. ಇಲ್ಲವಾದರೆ ಬೆರಳು ತಿರುಗಿದಂತೆ ತಂತಿಯ ಎತ್ತರವೂ ಉದ್ದವೂ ಬದಲಾಗುತ್ತವೆ. ದುಂಡಿನ ತ್ರಿಜ್ಯ 9.5 ಮಿಲಿಮೀಟರ್ ಇದ್ದರೆ, ಮೂರನೆಯ ತಂತಿಯನ್ನು ಅರ್ಧ ಸ್ವರ ಏರಿಸಲು ಅದನ್ನು ಸುಮಾರು 0.9 ಮಿಲಿಮೀಟರ್ ಎಳೆಯಬೇಕು, ಅಂದರೆ ಬೆರಳು ಐದು ಡಿಗ್ರಿಯಷ್ಟು ತಿರುಗಬೇಕು. 0.017 ಅಂಗುಲದ ಐದನೆಯ ತಂತಿ ಇಡೀ ಒಂದು ಸ್ವರ ಏರಲು ಇದಕ್ಕಿಂತ ಕಡಿಮೆ ಎಳೆತ ಸಾಕೆಂಬುದು ವಿಚಿತ್ರವೆನಿಸಬಹುದು. ಏರಿಕೆ ದೊಡ್ಡದಿದ್ದರೂ ಆ ತಂತಿಯ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿನ ಮೇಲಿನ ಒತ್ತಡ ಮೂರನೆಯದರ ಅರ್ಧಕ್ಕಿಂತಲೂ ಕಡಿಮೆಯಿರುವುದೇ ಇದಕ್ಕೆ ಕಾರಣ.

ಇಷ್ಟು ಸಣ್ಣ ಚಲನೆಯಲ್ಲಿ ಶಾಫ್ಟಿನ ಸುತ್ತ ಸ್ವಲ್ಪ ಸಡಿಲವಿದ್ದರೂ ಶ್ರುತಿ ಕೆಡುತ್ತದೆ. ಆದ್ದರಿಂದ ಹತ್ತೂ ಬೆರಳುಗಳ ಪಟ್ಟಿಗಳನ್ನು ಒಟ್ಟಿಗೆ ಬಿಗಿದು, ಡ್ರಿಲ್ ಪ್ರೆಸ್ಸಿನಲ್ಲಿ ತುಸು ಕಿರಿದಾದ ತೂತು ಕೊರೆದು, ಬಳಿಕ ರೀಮರ್‌ನಿಂದ ಸರಿಯಾದ ಅಳತೆಗೆ ತರಬೇಕು. ಕೈ ಡ್ರಿಲ್ಲಿನಿಂದ ಈ ಕೆಲಸ ಆಗುವುದಿಲ್ಲ. ತಂತಿ ತಾಗುವ ದುಂಡನ್ನು ಅರದಿಂದ ತೀಡಿ, ನಯವಾದ ಮರಳುಕಾಗದದಿಂದ ಉಜ್ಜಿ ಕನ್ನಡಿಯಂತೆ ಹೊಳೆಯಿಸಬೇಕು.

ಸ್ವರ ಇಳಿಸುವುದಕ್ಕೆ ಬೆರಳಿನ ಜೊತೆಗೆ ಇನ್ನೊಂದು ತುಂಡು ಬೇಕು. ಸ್ಪ್ರಿಂಗ್ ಈ ತುಂಡನ್ನು ತಡೆಪಟ್ಟಿಗೆ ಒತ್ತಿ ಹಿಡಿದಿರುತ್ತದೆ. ಲಿವರ್ ಅದನ್ನು ತಡೆಯಿಂದ ಬಿಡಿಸಿದಾಗ ತಂತಿಯ ಬಿಗಿತವೇ ಬೆರಳನ್ನು ಹಿಂದಕ್ಕೆ ತಿರುಗಿಸುತ್ತದೆ. ಸ್ಪ್ರಿಂಗ್ ದುರ್ಬಲವಾಗಿದ್ದರೆ ಸ್ವರ ಏರಿಸುವಾಗಲೂ ಈ ತುಂಡು ತಡೆಯಿಂದ ಕದಲಿ ಏರಿದ ಸ್ವರ ಅಲುಗಾಡುತ್ತದೆ. ಅತಿಯಾಗಿ ಬಲವಾಗಿದ್ದರೆ ಲಿವರ್ ಭಾರವಾಗುತ್ತದೆ. ಹತ್ತು ಬೆರಳುಗಳನ್ನೂ ಮಾಡುವ ಮೊದಲು ಒಂದೇ ಬೆರಳು, ಒಂದೇ ತಂತಿ, ಒಂದು ಬಿರಡೆಯನ್ನು ದಪ್ಪ ಹಲಗೆಯೊಂದರ ಮೇಲೆ ಜೋಡಿಸಿ, ಏರಿಕೆ ಇಳಿಕೆಗಳೆರಡನ್ನೂ ಟ್ಯೂನರ್ ಇಟ್ಟು ಪರೀಕ್ಷಿಸಿ ನೋಡಿ. ಈ ಪರೀಕ್ಷೆಗೆ ತಗಲುವ ಸಮಯ ಎಂದಿಗೂ ವ್ಯರ್ಥವಲ್ಲ.

ಒಡಲಿಗೆ ಚೆನ್ನಾಗಿ ಒಣಗಿದ ಗಟ್ಟಿ ಮೇಪಲ್ ರೂಢಿಯಲ್ಲಿದೆ. ಸುಮಾರು 75 ಸೆಂಟಿಮೀಟರ್ ಉದ್ದ, 21 ಸೆಂಟಿಮೀಟರ್ ಅಗಲದ ಮೇಲುಹಲಗೆಗೆ ಮುಂದೆಯೂ ಹಿಂದೆಯೂ ನಿಲುಹಲಗೆಗಳನ್ನು ತೋಡು ಕೊರೆದು ಅಂಟಿಸಿ, ಎರಡು ತುದಿಗಳಿಗೂ ಅಲ್ಯೂಮಿನಿಯಂ ಫಲಕಗಳನ್ನು ತಿರುಪಿನಿಂದ ಬಿಗಿಯಬೇಕು. ಹತ್ತು ತಂತಿಗಳ ಒಟ್ಟು ಬಿಗಿತ 130 ಕಿಲೋಗ್ರಾಂ ಆಸುಪಾಸಿನಲ್ಲಿರುವುದರಿಂದ, ಚೇಂಜರಿಗಾಗಿ ಕತ್ತರಿಸುವ ಕಿಂಡಿ ಅಗತ್ಯಕ್ಕಿಂತ ದೊಡ್ಡದಾಗಬಾರದು. ಎಡತುದಿಯಲ್ಲಿ ಬಿರಡೆಗಳ ಮುಂದೆ ಪ್ರತಿ ತಂತಿಗೂ ಉರುಳುವ ಪುಟ್ಟ ಗಾಲಿಯಿರಲಿ. ಗಾಲಿಯ ತೋಡಿನ ಆಳ ಆಯಾ ತಂತಿಯ ದಪ್ಪಕ್ಕೆ ತಕ್ಕಂತೆ ಬೇರೆಬೇರೆಯಾಗಿರಬೇಕು. ಏಕೆಂದರೆ ನುಡಿಸುವ ಉಕ್ಕಿನ ಸರಳು ತಂತಿಗಳ ಮೇಲೆ ಕೂರುವುದರಿಂದ ಎಲ್ಲ ತಂತಿಗಳ ಮೇಲಂಚೂ ಒಂದೇ ಮಟ್ಟದಲ್ಲಿರಬೇಕು. ಈ ವಾದ್ಯದಲ್ಲಿ ಸ್ವರಸ್ಥಾನ ತೋರಿಸುವ ಮೆಟ್ಟಿಲುಗಳು (ಫ್ರೆಟ್) ಬರಿಯ ಗೆರೆಗಳು. 610 ಮಿಲಿಮೀಟರ್ ಉದ್ದಕ್ಕೆ, ಗಾಲಿಗಳಿಂದ ಅಳೆದರೆ, 5ನೆಯ ಗೆರೆ ಸುಮಾರು 153ರಲ್ಲಿ, 7ನೆಯದು 203ರಲ್ಲಿ, 12ನೆಯದು 305ರಲ್ಲಿ ಬರುತ್ತದೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಚೇಂಜರಿಗೆ ಹತ್ತಿರವಿರಲಿ. ಅದನ್ನು ಸಿದ್ಧವಾಗಿಯೇ ತರುವುದು ಲೇಸು.

ಒಡಲಿನ ಅಡಿಯಲ್ಲಿ ಮುಂದಿನ ನಿಲುಹಲಗೆಯಿಂದ ಹಿಂದಿನದಕ್ಕೆ ಅಡ್ಡ ಶಾಫ್ಟ್‌ಗಳು ಹಾಯುತ್ತವೆ. ಅವು ಚೌಕ ಅಥವಾ ಆರು ಮುಖದ ಸರಳುಗಳಾಗಿದ್ದರೆ ಅವುಗಳಿಗೆ ಬಿಗಿದ ಬೆಲ್ ಕ್ರ್ಯಾಂಕ್‌ಗಳು, ಅಂದರೆ ಶಾಫ್ಟಿನ ತಿರುಗಾಟವನ್ನು ಸರಳಿನ ಎಳೆತವಾಗಿಸುವ ಪುಟ್ಟ ತೋಳುಗಳು, ಜಾರುವುದಿಲ್ಲ. ಕ್ರ್ಯಾಂಕಿನಿಂದ ಚೇಂಜರಿಗೆ 3 ಮಿಲಿಮೀಟರ್ ದಪ್ಪದ ತುಕ್ಕುಹಿಡಿಯದ ಉಕ್ಕಿನ ಸರಳು ಹೋಗುತ್ತದೆ. ಅದರ ಬಲತುದಿಯ ನೈಲಾನ್ ನಟ್ಟನ್ನು ತಿರುಗಿಸಿ ಏರಿದ ಸ್ವರವನ್ನು ಶ್ರುತಿ ಮಾಡಲಾಗುತ್ತದೆ. ಕ್ರ್ಯಾಂಕಿನಲ್ಲಿ ಶಾಫ್ಟಿನಿಂದ ದೂರದ ತೂತಿಗೆ ಸರಳು ಸಿಕ್ಕಿಸಿದರೆ ಎಳೆತ ಹೆಚ್ಚುತ್ತದೆ, ತುಳಿತ ಗಟ್ಟಿಯಾಗುತ್ತದೆ. ಹತ್ತಿರದ ತೂತಿನಲ್ಲಿ ಇದಕ್ಕೆ ತಿರುಗುಮುರುಗು. ಒಂದೇ ಪೆಡಲಿನ ಎರಡು ತಂತಿಗಳು ಒಟ್ಟಿಗೆ ಹೊರಟು ಒಟ್ಟಿಗೆ ಗುರಿ ಮುಟ್ಟುವಂತೆ ತೂತುಗಳನ್ನು ಆರಿಸುವುದೇ ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತ, ಮತ್ತು ನನ್ನ ಮಟ್ಟಿಗೆ ಅತ್ಯಂತ ಸಂತೋಷದ ಹಂತವೂ ಹೌದು. ಪೆಡಲ್ ಬಿಟ್ಟಾಗ ಪ್ರತಿ ಸರಳಿನಲ್ಲೂ ತುಸು ಸಡಿಲ ಉಳಿದಿರಬೇಕು; ಇಲ್ಲದಿದ್ದರೆ ಬೆರಳು ತನ್ನ ತಡೆಗೆ ಪೂರ್ತಿಯಾಗಿ ಮರಳುವುದಿಲ್ಲ.

ಎಲ್ಲವನ್ನೂ ಜೋಡಿಸಿ ಶ್ರುತಿ ಮಾಡಿದ ಮೇಲೆ, ಟ್ಯೂನರಿನ ಮುಂದೆ 4ನೆಯ ತಂತಿಯನ್ನು ಮೀಟಿ ಎ ಮತ್ತು ಬಿ ಪೆಡಲ್‌ಗಳನ್ನು ಒಟ್ಟಿಗೆ ತುಳಿಯಿರಿ. ಆ ಪೆಡಲ್‌ಗಳು ಆ ತಂತಿಯನ್ನು ಮುಟ್ಟುವುದಿಲ್ಲವಾದರೂ, ಒಡಲು ಬಾಗುವುದರಿಂದ ಸ್ವರ ಕೆಲವು ಸೆಂಟ್‌ಗಳಷ್ಟು (ಅರ್ಧ ಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ಕುಸಿಯುವುದುಂಟು. ಕುಸಿತ ಹೆಚ್ಚಾಗಿದ್ದರೆ ತುದಿಫಲಕಗಳ ತಿರುಪುಗಳನ್ನೂ ಚೇಂಜರನ್ನು ಮರಕ್ಕೆ ಬಿಗಿದ ತಿರುಪುಗಳನ್ನೂ ಮೊದಲು ಪರಿಶೀಲಿಸಿ. ಬಳಿಕ ಪ್ರತಿ ತಂತಿಯನ್ನೂ ಏರಿಸಿ ಬಿಟ್ಟು, ಇಳಿಸಿ ಬಿಟ್ಟು ನೋಡಿ. ಏರಿಸಿ ಬಿಟ್ಟಾಗ ತಗ್ಗಿಯೂ ಇಳಿಸಿ ಬಿಟ್ಟಾಗ ಹೆಚ್ಚಿಯೂ ನಿಂತರೆ ಎಲ್ಲೋ ಘರ್ಷಣೆಯಿದೆಯೆಂದೇ ಅರ್ಥ. ಆಗ ಎಡತುದಿಯ ಗಾಲಿ ಸರಾಗವಾಗಿ ಉರುಳುತ್ತಿದೆಯೇ, ಸರಳುಗಳು ಒಂದಕ್ಕೊಂದು ಉಜ್ಜುತ್ತಿವೆಯೇ ಎಂದು ನೋಡಿ, ಗಾಲಿಯ ಅಚ್ಚಿಗೂ ಚೇಂಜರಿನ ಶಾಫ್ಟಿಗೂ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು ಮತ್ತೆ ಪರೀಕ್ಷಿಸಬೇಕು.