ಕಂಪ್ಯೂಟರ್ ಕೊಠಡಿ ಇಲ್ಲದ ಶಾಲೆಯಲ್ಲಿ ಮಾಧ್ಯಮ ಸಾಕ್ಷರತೆ: ನನ್ನ ಅನುಭವ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಜನರು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅವನೂ ಅವನ ಜೊತೆಗಾರರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಶಂಕೆಗೆ ಕಾರಣವಾಗಿತ್ತು. ಇದೇ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ, ಮಕ್ಕಳಿಗೆ ನಕ್ಷೆ ಓದಲು ಕಲಿಸುವಷ್ಟೇ ಶ್ರದ್ಧೆಯಿಂದ ಮೊಬೈಲ್ ಸಂದೇಶವನ್ನು ಓದಲು ಕಲಿಸಬೇಕೆಂಬುದು ಆಗ ಮನವರಿಕೆಯಾಯಿತು. ನಮ್ಮಲ್ಲಿ ಕಂಪ್ಯೂಟರ್ ಕೊಠಡಿಯಿಲ್ಲ. ವಿದ್ಯಾರ್ಥಿಗಳು ಶಾಲೆಗೆ ಮೊಬೈಲ್ ತರುವಂತಿಲ್ಲ. ಇರುವುದು ಕರಿಹಲಗೆ, ಹಳೆಯ ಪತ್ರಿಕೆಗಳು, ನನ್ನ ಫೋನ್ ಮತ್ತು ಅದಕ್ಕೆ ಜೋಡಿಸಬಹುದಾದ ಒಂದು ಟಿವಿ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಕಲಿಸುತ್ತಾರೆಂದು ಓದತೊಡಗಿದಾಗ ಮೊದಲು ಎದುರಾದದ್ದು ಫಿನ್‌ಲ್ಯಾಂಡ್. 2016ರಲ್ಲಿ ಜಾರಿಗೆ ಬಂದ ಅಲ್ಲಿನ ಪಠ್ಯಕ್ರಮದಲ್ಲಿ ಇದು ಪ್ರತ್ಯೇಕ ವಿಷಯವಲ್ಲ. ಅಂಕಿಅಂಶಗಳಿಂದ ಹೇಗೆ ದಾರಿ ತಪ್ಪಿಸಬಹುದೆಂಬುದು ಗಣಿತದಲ್ಲಿ, ಚಿತ್ರದ ಅರ್ಥವನ್ನು ಹೇಗೆ ತಿರುಚಬಹುದೆಂಬುದು ಕಲೆಯಲ್ಲಿ, ಯುದ್ಧಕಾಲದ ಪ್ರಚಾರ ತಂತ್ರ ಇತಿಹಾಸದಲ್ಲಿ ಬರುತ್ತದೆ. ಅಲ್ಲಿನ ಸೌಲಭ್ಯಗಳು ನಮಗೆ ಎಟುಕುವಂಥವಲ್ಲ, ಆದರೆ ಇರುವ ಪಿರಿಯಡ್‌ನೊಳಗೇ ಪಾಠವನ್ನು ಹೆಣೆಯುವ ಕ್ರಮಕ್ಕೆ ಖರ್ಚಿಲ್ಲ.

ನನಗೆ ಇನ್ನೂ ಹೆಚ್ಚು ಉಪಯೋಗಕ್ಕೆ ಬಂದದ್ದು ಉಗಾಂಡಾದ ಉದಾಹರಣೆ. 2016ರಲ್ಲಿ ಅಲ್ಲಿನ 120 ಪ್ರಾಥಮಿಕ ಶಾಲೆಗಳ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಪ್ರಯೋಗವೊಂದರಲ್ಲಿ, ಅರ್ಧದಷ್ಟು ಶಾಲೆಗಳಿಗೆ ಚಿತ್ರಕಥೆಯ ಪುಸ್ತಕದ ಮೂಲಕ, ಆರೋಗ್ಯದ ಬಗ್ಗೆ ಜನರು ಹೇಳುವ ಮಾತನ್ನು ಪರೀಕ್ಷಿಸುವ ಪಾಠಗಳನ್ನು ಒಂದು ಅವಧಿಯುದ್ದಕ್ಕೂ ಕಲಿಸಲಾಯಿತು. ಕೊನೆಯ ಪರೀಕ್ಷೆಯಲ್ಲಿ ಪಾಠ ಕೇಳಿದವರಲ್ಲಿ ಶೇಕಡ 69ರಷ್ಟು, ಕೇಳದವರಲ್ಲಿ ಶೇಕಡ 27ರಷ್ಟು ಮಕ್ಕಳು ಉತ್ತೀರ್ಣರಾದರು. ವರ್ಷದ ನಂತರವೂ ಅಂತರ ಉಳಿದಿತ್ತು. ಅಲ್ಲಿನ ಪಾಠಗಳಲ್ಲಿ ಸುಟ್ಟ ಗಾಯಕ್ಕೆ ಸಗಣಿ ಹಚ್ಚುವ ಮಾತು ಬರುತ್ತದೆ. ನಮ್ಮ ಮನೆಗಳಲ್ಲಿ ಅದೇ ಜಾಗದಲ್ಲಿ ಟೂತ್‌ಪೇಸ್ಟ್ ಇದೆ. ‘ಇದರಿಂದ ವಾಸಿಯಾಯಿತೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ? ಹಚ್ಚದೇ ಇದ್ದವರಿಗೆ ಏನಾಯಿತು?’ ಎಂಬ ಎರಡು ಪ್ರಶ್ನೆಗಳನ್ನು ನಮ್ಮ ವಿಜ್ಞಾನ ಶಿಕ್ಷಕರು ಈಗ ತಮ್ಮ ಪಾಠದಲ್ಲಿಯೇ ಕೇಳುತ್ತಾರೆ.

ನನ್ನ ಮುಖ್ಯ ಪಾಠ ಮುರ್ಕಿಯ ಹಿಂದಿದ್ದಂಥ ವದಂತಿಗಳದ್ದೇ. ಆ ವರ್ಷ ದೇಶದಾದ್ಯಂತ ಹರಿದಾಡಿದ ವಿಡಿಯೋ ಒಂದರಲ್ಲಿ ಇಬ್ಬರು ಬೈಕಿನಲ್ಲಿ ಬಂದು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ವಾಸ್ತವವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಅದೇ ಬೈಕ್ ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತಾರೆ, ಮತ್ತು ಕರಾಚಿಯ ಬೀದಿಯಲ್ಲಿ ಮಗುವನ್ನು ಅಪಹರಿಸಲು ಒಂದು ಕ್ಷಣ ಸಾಕು ಎಂಬ ಫಲಕವನ್ನು ಎತ್ತಿ ತೋರಿಸುತ್ತಾರೆ. ಭಾರತದಲ್ಲಿ ಹಂಚಿದವರು ಈ ಕೊನೆಯ ಭಾಗವನ್ನು ಕತ್ತರಿಸಿದ್ದರು.

ತರಗತಿಯಲ್ಲಿ ನಾನು ಮೊದಲು ಕತ್ತರಿಸಿದ ಭಾಗವನ್ನಷ್ಟೇ, ಹಂಚುವಾಗ ಜೊತೆಗಿದ್ದ ಬರಹದ ಸಮೇತ ತೋರಿಸಿ, ನೋಟ್‌ಬುಕ್ಕಿನ ಹಾಳೆಯಲ್ಲಿ ನಡುವೆ ಗೆರೆ ಎಳೆಯಿಸುತ್ತೇನೆ: ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಹೇಳಿದ್ದು’. ಬಹುತೇಕ ಎಲ್ಲರೂ ‘ಕಳ್ಳರು’ ಎಂಬುದನ್ನು ಎಡಗಡೆಗೇ ಬರೆಯುತ್ತಾರೆ. ಆಗ ಒಂದೊಂದೇ ಮಾತನ್ನು ಹಿಡಿದು, ಇದು ವಿಡಿಯೋದಲ್ಲಿ ಎಲ್ಲಿ ಕಾಣುತ್ತದೆ ಎಂದು ಕೇಳುತ್ತೇನೆ. ಬೈಕ್ ಕಾಣುತ್ತದೆ, ಮಗು ಕಾಣುತ್ತದೆ. ‘ಕಳ್ಳರು’, ‘ನಮ್ಮ ಜಿಲ್ಲೆ’, ‘ನಿನ್ನೆ’ ಎಂಬ ಮಾತುಗಳು ಮಾತ್ರ ಬರಹದಿಂದ ಬಂದವೆಂದು ಮಕ್ಕಳೇ ಕಂಡುಕೊಂಡು ಬಲಗಡೆಗೆ ಸರಿಸುತ್ತಾರೆ. ಆಮೇಲೆ ಪೂರ್ತಿ ಚಿತ್ರ ತೋರಿಸುತ್ತೇನೆ. ಒಮ್ಮೆ ಹುಡುಗಿಯೊಬ್ಬಳು, "ಸರ್, ವಿಡಿಯೋ ಖರೇನೇ ಅದ, ಬರ್ದದ್ದೇ ಸುಳ್ಳದ" ಎಂದಳು. ನಾನು ಅರ್ಧ ತಾಸು ವಿವರಿಸಿದರೂ ಅಷ್ಟು ಸ್ಪಷ್ಟವಾಗಿ ಹೇಳಲಾಗುತ್ತಿರಲಿಲ್ಲ.

ಗಡಿ ಜಿಲ್ಲೆಯಾಗಿರುವುದೂ ಈ ಕೆಲಸಕ್ಕೆ ಒದಗಿಬಂದಿದೆ. ನಮ್ಮ ಮಕ್ಕಳ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಎಲ್ಲವೂ ಇವೆ. ಮನೆಯ ಫೋನಿಗೆ ಬಂದ ಸಂದೇಶವನ್ನು ಕಾಗದದ ಮೇಲೆ ಬರೆದುಕೊಂಡು ಬರಲು ಹೇಳಿದರೆ, ಒಂದೇ ವದಂತಿ ಮರಾಠಿಯಲ್ಲಿ ಲಾತೂರಿನದಾಗಿ, ತೆಲುಗಿನಲ್ಲಿ ಜಹೀರಾಬಾದಿನದಾಗಿ, ಕನ್ನಡದಲ್ಲಿ ಭಾಲ್ಕಿಯದಾಗಿ ಬರುತ್ತದೆ. ಮೂರು ಹಾಳೆಗಳನ್ನು ಹಲಗೆಯ ಮೇಲೆ ಒಟ್ಟಿಗೆ ಅಂಟಿಸಿದ ಮೇಲೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಧ್ಯಮಿಕ ಹಂತದ ವಿದ್ಯಾರ್ಥಿಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಮಂದಿ ಪ್ರಾಯೋಜಿತ ಬರಹವನ್ನು ನಿಜವಾದ ಸುದ್ದಿಯೆಂದೇ ತಿಳಿದಿದ್ದರು. ಇದನ್ನು ನಾನು ಪತ್ರಿಕೆಗಳಿಂದ ಕಲಿಸುತ್ತೇನೆ. ಸುದ್ದಿಯ ಹಾಗೆಯೇ ಮುದ್ರಿಸಿದ ಪುಟದ ಮೂಲೆಯಲ್ಲಿ ಸಣ್ಣಕ್ಷರದ ‘ಜಾಹೀರಾತು’ ಎಂಬುದನ್ನು ಹುಡುಕಿ ವೃತ್ತ ಹಾಕುವುದು ಮಕ್ಕಳಿಗೆ ಬಹಳ ಇಷ್ಟದ ಚಟುವಟಿಕೆ. ಅದೇ ಸಂಶೋಧಕರ ಮತ್ತೊಂದು ಪಾಠ, ಅಂದರೆ ಅನುಮಾನ ಬಂದ ಪುಟದಲ್ಲೇ ಕುಳಿತು ಓದದೆ ಅದರಿಂದ ಹೊರಬಂದು ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆಂದು ನೋಡುವುದನ್ನು, ನನ್ನ ಫೋನನ್ನು ಟಿವಿಗೆ ಜೋಡಿಸಿ ಮಾಡಿ ತೋರಿಸುತ್ತೇನೆ. ಯಾವ ಪದ ಹಾಕಿ ಹುಡುಕಬೇಕೆಂದು ಮಕ್ಕಳು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಕನ್ನಡದಲ್ಲಿ ಸಿಗದಿದ್ದರೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹುಡುಕುತ್ತೇವೆ.

ಈ ಪಾಠಕ್ಕೆ ಒಂದು ಅಪಾಯವೂ ಇದೆ. ಸುಳ್ಳುಗಳನ್ನಷ್ಟೇ ತೋರಿಸುತ್ತ ಹೋದರೆ ಕೆಲವೇ ವಾರಗಳಲ್ಲಿ ಮಕ್ಕಳು "ಎಲ್ಲಾ ಸುಳ್ಳೇ ಇರ್ತದ ಸರ್" ಎನ್ನತೊಡಗುತ್ತಾರೆ. ಎಲ್ಲವನ್ನೂ ಅನುಮಾನಿಸುವ ಮಗು ಎಲ್ಲವನ್ನೂ ನಂಬುವ ಮಗುವಿಗಿಂತ ಸುರಕ್ಷಿತವೆಂದು ನಾನು ಒಪ್ಪುವುದಿಲ್ಲ. ಲಸಿಕೆಯ ಮಾಹಿತಿಯನ್ನೂ ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ತಳ್ಳಿಹಾಕುವವರು ಹೀಗೆಯೇ ತಯಾರಾಗುತ್ತಾರೆ. ಆದ್ದರಿಂದ ಪ್ರತಿ ಸುಳ್ಳು ಸಂದೇಶದ ಜೊತೆಗೆ ಒಂದು ನಿಜ ಸಂದೇಶವನ್ನೂ ಇಡುತ್ತೇನೆ: ಪಲ್ಸ್ ಪೋಲಿಯೊ ದಿನಾಂಕ, ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ, ಸಿಡಿಲಿನ ಮುನ್ಸೂಚನೆ. ಇದು ನಿಜವೆಂದು ಸಾಬೀತುಪಡಿಸಿ ಎಂದಾಗ ಮಕ್ಕಳು ಹೆಚ್ಚು ಕಷ್ಟಪಡುತ್ತಾರೆ, ಹೆಚ್ಚು ಕಲಿಯುತ್ತಾರೆ.

ಒಂದು ದಿನದ ಕಾರ್ಯಾಗಾರ ಮಾಡಿ ಮುಗಿಸೋಣವೆಂಬ ಸಲಹೆ ಪ್ರತಿ ವರ್ಷ ಬರುತ್ತದೆ. ನಾನು ಒಪ್ಪದಿರುವುದಕ್ಕೆ ಬಿಹಾರದ ಎರಡು ಅಧ್ಯಯನಗಳು ಕಾರಣ. 2019ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ಅಲ್ಲಿ ವಯಸ್ಕರಿಗೆ ಮನೆಮನೆಗೆ ಹೋಗಿ ಸುಮಾರು ಒಂದು ಗಂಟೆ ತರಬೇತಿ ಕೊಟ್ಟಾಗ, ಸುಳ್ಳನ್ನು ಗುರುತಿಸುವ ಶಕ್ತಿಯಲ್ಲಿ ಒಟ್ಟಾರೆ ಹೆಚ್ಚಳ ಕಾಣಲಿಲ್ಲ. ನಂತರ 583 ಹಳ್ಳಿಗಳ 13,500ಕ್ಕೂ ಹೆಚ್ಚು ಹದಿಹರೆಯದವರನ್ನು ಒಳಗೊಂಡ ಅಧ್ಯಯನದಲ್ಲಿ, ಸರ್ಕಾರಿ ಗ್ರಂಥಾಲಯಗಳಲ್ಲಿ ಹಲವು ವಾರ ತರಗತಿ ನಡೆಸಿದಾಗ ಪರಿಣಾಮ ನಾಲ್ಕು ತಿಂಗಳ ಮೇಲೂ ಉಳಿಯಿತು. ಮಕ್ಕಳಿಂದ ತಂದೆತಾಯಿಗಳಿಗೂ ತಲುಪಿತು. ಹಾಗಾಗಿ ನಾನು ವಾರಕ್ಕೊಂದು ಪಿರಿಯಡ್‌ನ ಕೊನೆಯ ಭಾಗವನ್ನು ಇದಕ್ಕೆಂದೇ ಮೀಸಲಿಟ್ಟು, ವರ್ಷವಿಡೀ ನಡೆಸುತ್ತೇನೆ.

ಕಂಡದ್ದು–ಹೇಳಿದ್ದು ಹಾಳೆಯನ್ನು ಮನೆಯಲ್ಲಿ ಓದಿ ಹೇಳಿ, ಪಾಲಕರ ಸಹಿ ಮಾಡಿಸಿಕೊಂಡು ಬರಬೇಕೆಂಬ ನಿಯಮವನ್ನೂ ಇಟ್ಟಿದ್ದೇನೆ. ಇದರಿಂದಾಗಿ ಪಾಲಕರ ಸಭೆಯಲ್ಲಿ ಈಗ ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ನಕಲಿ ಆ್ಯಪ್‌ಗಳ ಬಗ್ಗೆ ರೈತರು ಕೇಳುತ್ತಾರೆ; ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನು ಮಕ್ಕಳೇ ಎದ್ದು ಹೇಳುತ್ತಾರೆ. ಬರುವ ಜೂನ್‌ನಿಂದ ನಮ್ಮ ಗಣಿತ ಶಿಕ್ಷಕಿಯವರು ಸಂಖ್ಯಾಶಾಸ್ತ್ರದ ಅಧ್ಯಾಯದಲ್ಲಿ, ಸೊನ್ನೆಯಿಂದ ಆರಂಭವಾಗದ ಸ್ತಂಭಾಲೇಖಗಳು ಸಣ್ಣ ಏರಿಕೆಯನ್ನು ಹೇಗೆ ದೊಡ್ಡದಾಗಿ ತೋರಿಸುತ್ತವೆಂದು ಪತ್ರಿಕೆಯ ತುಣುಕುಗಳಿಂದಲೇ ಕಲಿಸಲಿದ್ದಾರೆ. ಅದಕ್ಕಾಗಿ ನಾವಿಬ್ಬರೂ ಈಗ ತುಣುಕುಗಳನ್ನು ಸಂಗ್ರಹಿಸುತ್ತಿದ್ದೇವೆ.