ಹಿತ್ತಲಿನ ಅರಿಸಿನವನ್ನು ಪುಡಿ ಮಾಡಿಟ್ಟುಕೊಳ್ಳುವ ವಿಧಾನ

ಮುಂಗಾರಿನ ಆರಂಭಕ್ಕೆ ನೆಟ್ಟ ಅರಿಸಿನವು ಕೊಡಗಿನಲ್ಲಿ ರೊಬಸ್ಟಾ ಕಾಫಿಯ ಕುಯ್ಲಿನ ಹೊತ್ತಿಗೆ, ಅಂದರೆ ಜನವರಿ–ಫೆಬ್ರುವರಿಯಲ್ಲಿ, ಎಲೆಯೊಣಗಿ ಕೀಳಲು ಸಿದ್ಧವಾಗುತ್ತದೆ. ಆಗ ಬಿಸಿಲೂ ಉಂಟು, ಕಾಫಿ ಒಣಗಿಸುವ ಕಣವೂ ಉಂಟು. ಸೀಸದ ಕ್ರೋಮೇಟ್, ಮೆಟಾನಿಲ್ ಯೆಲ್ಲೊದಂಥ ಬಣ್ಣಗಳ ಕಲಬೆರಕೆಗೆ ಹೆದರುವವರು ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವುದು ಒಳ್ಳೆಯದು.

ಬಿತ್ತನೆಗೆ ಬೇಕಾದ ಗೆಡ್ಡೆಗಳನ್ನು ಮೊದಲೇ ಎತ್ತಿಡಿ. ಉಳಿದವನ್ನು ತೊಳೆದು, ಬೇರು ಸವರಿ, ತಾಯಿಗೆಡ್ಡೆ ಮತ್ತು ಕೊಂಬುಗಳನ್ನು ಬೇರ್ಪಡಿಸಿ. ಒಟ್ಟಿಗೆ ಬೇಯಿಸಿದರೆ ದಪ್ಪ ಗೆಡ್ಡೆ ಬೇಯುವಷ್ಟರಲ್ಲಿ ಕೊಂಬು ಮಿತಿಮೀರಿ ಬೆಂದಿರುತ್ತದೆ.

ಕಿತ್ತ ಎರಡು–ಮೂರು ದಿನಗಳೊಳಗೆ ಬೇಯಿಸಬೇಕು, ಮತ್ತು ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಹಂತ ಇದೇ. ಗೆಡ್ಡೆ ಮುಳುಗುವಷ್ಟು ನೀರು ಹಾಕಿ ಸುಮಾರು 45ರಿಂದ 60 ನಿಮಿಷ ಕುದಿಸಿದಾಗ ನೊರೆಯೆದ್ದು, ಘಮವಿರುವ ಬಿಳಿ ಹಬೆ ಬರುತ್ತದೆ. ಮೊಂಡು ಕಡ್ಡಿಯೊಂದು ಸಲೀಸಾಗಿ ಒಳಹೊಕ್ಕರೆ ಹದವಾಯಿತೆಂದು ತಿಳಿಯಬೇಕು. ಹೀಗೆ ಬೇಯಿಸುವುದರಿಂದ ಹಸಿವಾಸನೆ ಹೋಗಿ, ಬಣ್ಣ ಒಂದೇ ಸಮನಾಗಿ ಹರಡಿ, ಗೆಡ್ಡೆ ಬೇಗ ಒಣಗುತ್ತದೆ. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಿದಾಗ ಪುಡಿಪುಡಿಯಾಗಿ ಮುರಿಯುತ್ತದೆ.

ನೀರು ಬಸಿದು, ಐದಾರು ಸೆಂಟಿಮೀಟರ್ ದಪ್ಪನಾಗಿ ಹರಡಿ ಹತ್ತರಿಂದ ಹದಿನೈದು ದಿನ ಒಣಗಿಸಿ; ತೀರ ತೆಳುವಾಗಿ ಹರಡಿದರೂ ಬಣ್ಣ ಕುಂದುತ್ತದೆ. ಇಬ್ಬನಿ ತಾಗದಂತೆ ರಾತ್ರಿ ರಾಶಿ ಮಾಡಿ ಮುಚ್ಚಬೇಕು. ಅಲ್ಲಿ ಒಣಗುವ ಕಾಫಿಯು ಬೇರೆ ಪರಿಮಳವನ್ನು ಬೇಗ ಹೀರಿಕೊಳ್ಳುವುದರಿಂದ ಅರಿಸಿನಕ್ಕೆ ಕಣದ ದೂರದ ಮೂಲೆಯೇ ಸರಿ. ಮುರಿದಾಗ ಟಣ್ಣೆಂದರೆ ಒಣಗಿದೆ ಎಂದರ್ಥ. ಐದು ಕಿಲೋ ಹಸಿಗೆಡ್ಡೆಗೆ ಸುಮಾರು ಒಂದು ಕಿಲೋ ಸಿಗುತ್ತದೆ. ಗೋಣಿಯಲ್ಲಿ ಹಾಕಿ ಉಜ್ಜಿದರೆ ಸಿಪ್ಪೆ ಬಿಡುತ್ತದೆ.

ಎಲ್ಲವನ್ನೂ ಒಮ್ಮೆಗೇ ಪುಡಿ ಮಾಡಿಸಬೇಡಿ. ನಮ್ಮ ಮಳೆಗಾಲದ ಥಂಡಿಗೆ ಪುಡಿ ಬೇಗ ತೇವ ಎಳೆದುಕೊಳ್ಳುತ್ತದೆ, ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ. ಕೊಂಬುಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಕಾದಾಗ ಬೇಕಾದಷ್ಟೇ ಕುಟ್ಟಿಕೊಳ್ಳುವುದು ಲೇಸು.

ಪಂದಿ ಕರಿಯ (ಕೊಡಗಿನ ಹಂದಿಮಾಂಸದ ಅಡುಗೆ) ಮಾಂಸಕ್ಕೆ ಉಪ್ಪಿನೊಡನೆ ಹಚ್ಚಿಡಲು ಚಿಟಿಕೆ ಪುಡಿ ಸಾಕು, ಹೆಚ್ಚಾದರೆ ಕಹಿ. ಗಂಟಲು ಕೆರೆತಕ್ಕೆ ಬಿಸಿ ಹಾಲಿಗೆ ಕಾಲು ಚಮಚ ಅರಿಸಿನವನ್ನು ಕಾಳುಮೆಣಸಿನ ಪುಡಿಯೊಡನೆ ಬೆರೆಸುವ ರೂಢಿಗೆ ಆಧಾರವಿದೆ: ಮೆಣಸಿನ ಪೈಪರಿನ್ ಅಂಶವು ಅರಿಸಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದನ್ನು ಬಹಳಷ್ಟು ಹೆಚ್ಚಿಸುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಆದರೆ ಅದು ಉಪಶಮನವೇ ಹೊರತು ಚಿಕಿತ್ಸೆಯಲ್ಲ. ಜ್ವರವಿದ್ದರೆ ವೈದ್ಯರನ್ನು ಕಾಣಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಪಿತ್ತಕೋಶದಲ್ಲಿ ಕಲ್ಲಿರುವವರು ಅರಿಸಿನವನ್ನು ಅಡುಗೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಬಳಸುವ ಮೊದಲು ವೈದ್ಯರನ್ನು ಕೇಳಬೇಕು.